ಬಂಗಾರದ ಕವಡೆ

ಮೊಬೈಲಿನ ಚೌಕಾಬಾರದಲ್ಲಿ ಪಿ.ಟಿ. ಮಾಸ್ತರ ಬಂಡೆಪ್ಪನ ಹೆಸರಿನ ಮುಂದೆ ಬಂಗಾರದ ಕವಡೆ ಹೊಳೆಯತೊಡಗಿದಂದಿನಿಂದ ಗಣಿತದ ಮಾಸ್ತರ ಸತ್ಯಬೋಧನಿಗೆ ಊಟ ರುಚಿಸುತ್ತಿರಲಿಲ್ಲ. ಆಟ ಪುಕ್ಕಟೆ, ಸಾದಾ ಕವಡೆಯೂ ಪುಕ್ಕಟೆ. ಆದರೆ ಗರ ಕೆಟ್ಟರೆ ಇನ್ನೊಮ್ಮೆ ಎಸೆಯುವ ಅವಕಾಶ ಬಂಗಾರದ ಕವಡೆ ಇದ್ದವರಿಗೆ ಮಾತ್ರ. ಅದಕ್ಕೆ ಆ್ಯಪಿನಲ್ಲಿ ಬೆಲೆ ಬರೆದಿತ್ತು.

"ರೊಕ್ಕಾ ಕೊಟ್ಟು ಗೆಲ್ಲೂದು ಆಟಲ್ಲ, ಅನ್ಯಾಯ ಅದ," ಎಂದು ಬಂಡೆಪ್ಪನಿಗೆ ಸೋತಾಗಲೆಲ್ಲ ಅವನು ಸ್ಟಾಫ್ ರೂಮಿನಲ್ಲಿ ಗುಡುಗುತ್ತಿದ್ದ.

"ಸೋತವರೆಲ್ಲಾ ಹಿಂಗ ಅಂತಾರ್ರಿ," ಎಂದು ಶುಭದಾ ಟೀಚರ್ ನಕ್ಕಿದ್ದೇ ಸಾಕಾಯಿತು. ರವಿವಾರ ಅವನು ಬಂಡೆಪ್ಪನನ್ನು ಚೊಳಚಗುಡ್ಡದ ಹಳೆಯ ಕಟ್ಟೆಗೇ ಕರೆದ.

"ಖರೆ ಕವಡಿ, ಖರೆ ಆಟ. ನಾ ಗೆದ್ದರ, ರೊಕ್ಕಾ ಕೊಟ್ಟು ಗೆಲ್ಲೂದು ಅನ್ಯಾಯ ಅಂತ ಎಲ್ಲಾರ ಮುಂದ ಒಪ್ಪಬೇಕು ನೀ."

"ನಾ ಗೆದ್ದರ ನೀ ಬಾಯಿ ಮುಚ್ಚಬೇಕಲೇ ಸತ್ಯಾ!"

ಇಬ್ಬರೂ ಚಡ್ಡಿ ತೊಡುವ ಕಾಲದಲ್ಲಿ ಇದೇ ಕಟ್ಟೆಯಲ್ಲಿ ಸಾಲೆಯ ಗಂಟೆ ಹೊಡೆಯುವವರೆಗೂ ಆಡಿದವರು. ಬಂಡೆಪ್ಪನ ಕಾಯಿಗಳು ಹುಣಸೆಬೀಜ, ಸತ್ಯಬೋಧನವು ಅವ್ವನ ಒಡೆದ ಹಸಿರು ಬಳೆಚೂರು. ಕವಡೆ ಮಾತ್ರ ಇಬ್ಬರಿಗೂ ಅವೇ ನಾಲ್ಕು. ಯಾರೋ ಎಂದೋ ಕಲ್ಲಿನಲ್ಲಿ ಕೊರೆದ ಮನೆಗಳು ಬೆರಳು ತಾಗಿ ತಾಗಿ ನುಣುಪಾಗಿದ್ದವು.

ಈಗ ನೋಡಿದರೆ ಕಟ್ಟೆಯ ಮೇಲೆ ಗ್ರಾನೈಟು! ಸತ್ಯಬೋಧ ಬಸ್ಸು ತಪ್ಪಿದವನಂತೆ ನಿಂತುಬಿಟ್ಟ. ಕೊನೆಗೆ ಜೇಬಿನ ಸೀಮೆಸುಣ್ಣದಿಂದ ತಾನೇ ಮನೆಗಳನ್ನು ಬರೆದ. ಪಕ್ಕದಲ್ಲಿ ಭಜಿ ಕರಿಯುತ್ತಿದ್ದ ಸಾವಂತ್ರವ್ವ ಡಬ್ಬಿಯಿಂದ ಕವಡೆ ತೆಗೆದುಕೊಟ್ಟಳು. "ಹುಷಾರ್ರಿ, ನಮ್ಮತ್ತಿ ಕವಡಿ."

ಆಟಕ್ಕೆ ಜನ ಬೆಲ್ಲಕ್ಕೆ ಇರುವೆಯಂತೆ ಮುತ್ತಿದರು. ಮುತ್ತಿದವರು ಭಜಿ ಮಾತ್ರ ಕೊಳ್ಳಲಿಲ್ಲ. ಸಾವಂತ್ರವ್ವನ ತಲೆ ಅವಳ ಒಲೆಗಿಂತ ಹೆಚ್ಚು ಕಾಯಿತು.

"ಗಿರಾಕಿ ದಾರಿ ಕಟ್ಟಿ ಬರೇ ಕುಂತೀರೇನು? ಕವಡಿ ನನ್ನವು, ಕಾಯ್ದೆನೂ ನಂದು. ಪ್ಲೇಟ್ ಭಜಿ ತಗೊಂಡವ್ರಿಗೆ ಇನ್ನೊಂದ್ಸಲ ಒಗಿಯಾಕ ಬಿಡ್ತೇನಿ!"

"ಇದೂ ಅದ ಅನ್ಯಾಯ!" ಸತ್ಯಬೋಧ ಚೀರಿದ.

"ನಾ ಅಂತೂ ರೊಟ್ಟಿ ಜಗ್ಗಿ ತಿಂದ ಬಂದೇನವ್ವಾ," ಎಂದು ಬಂಡೆಪ್ಪ ಹೊಟ್ಟೆ ಸವರಿಕೊಂಡ.

ಆಟ ಕೊನೆ ಮುಟ್ಟಿತು. ಇಬ್ಬರಿಗೂ ಉಳಿದದ್ದು ಒಂದೊಂದೇ ಕಾಯಿ. ಸತ್ಯಬೋಧನಿಗೆ ಸರಿಯಾಗಿ ಎರಡು ಬಿದ್ದರೆ ಕಾಯಿ ಹಣ್ಣು, ಆಟ ಗೆದ್ದಂತೆ. ಬಿದ್ದದ್ದು ಮೂರು. ಬಂಡೆಪ್ಪ ಕವಡೆಗೆ ಕೈ ಚಾಚಿದ. ಅವನಿಗೆ ಒಂದು ಬಿದ್ದರೆ ಮುಗಿಯಿತು. ಶುಭದಾ ಟೀಚರರ ನಗು ನೆನಪಾಗಿ ಸತ್ಯಬೋಧನ ಕೈ ತಾನಾಗಿ ಜೇಬಿಗೆ ಹೋಯಿತು.

"ಸಾವಂತ್ರವ್ವಾ, ಒಂದ್ ಪ್ಲೇಟ್!"

ಮತ್ತೆ ಮೂರು.

"ಇನ್ನೊಂದು!"

ಎರಡು ಬಿತ್ತು.

"ಗೆದ್ದೆ!" ಮೆಣಸಿನಕಾಯಿ ಭಜಿ ಬಾಯಲ್ಲಿಟ್ಟುಕೊಂಡೇ ಅವನು ಕುಣಿದ. "ಈಗ ಒಪ್ಪು!"

ಬಂಡೆಪ್ಪ ಎದ್ದು ನಿಂತು ಕೈಮುಗಿದ. "ಒಪ್ಪಿದೆನ್ರಪಾ! ರೊಕ್ಕಾ ಕೊಟ್ಟು ಗೆಲ್ಲೂದು ಭಾಳ ಅನ್ಯಾಯ!"

ಜನ ಸತ್ಯಬೋಧನ ಕೈಯ ಪ್ಲೇಟು ನೋಡಿ ಹೋ ಎಂದರು.

"ಮೊಬೈಲಿನ್ಯಾಗ ನೀನೂ ಕೊಟ್ಟೀಯಲ್ಲೋ!" ಎಂದ ಸತ್ಯಬೋಧ, ಭಜಿ ನುಂಗುತ್ತ.

"ನಾ ಎಲ್ಲಿ ಕೊಟ್ಟೆ? ಜಾಹೀರಾತು ನೋಡಿದ್ರ ಆ ಕವಡಿ ಪುಕ್ಕಟ ಕೊಡ್ತಾರಲೇ. ಹುಡುಗೂರು ಗ್ರೌಂಡ್ ಸುತ್ತೂತನಕಾ ಹಲ್ಲುಪುಡಿ, ಬನೀನು, ಸಿಮೆಂಟು ಎಲ್ಲಾ ನೋಡ್ತೇನಿ. ನೀ ಜಾಹೀರಾತು ಬಂದ ಕೂಡ್ಲೇ ಸಿಟ್ಟಿಲೆ ಮುಚ್ಚತಿದ್ದಿ."

ಸತ್ಯಬೋಧನ ಕಣ್ಣಲ್ಲಿ ನೀರಾಡಿತು; ಮೆಣಸಿನಕಾಯಿಯೂ ಖಾರವಿತ್ತು.

"ಎರಡನೇ ಪ್ಲೇಟ್ ಆರಾಕ್ಹತ್ತೇತಿ, ತಿನ್ರಿ ಮಾಸ್ತರ್ರ," ಎಂದಳು ಸಾವಂತ್ರವ್ವ. "ನೀವ ಗೆದ್ದೀರಿ."