ಒರೆಸ್ತೆಯ ಕಿವಿ, ಅತ್ತೆಯ ಕಾಲು

"ಈ ಸಲದ ಮೆರವಣಿಗೇಲಿ ನಮ್ಮತ್ತೆ ಕಾರು ಮುಂದಿನ ಸಾಲಿನ ನಟ್ಟನಡುವೆ ನಿಲ್ಲದೆ ಹೋದ್ರೆ, ನನ್ನ ಹೆಸರು ಒರೆಸ್ತೆನೇ ಅಲ್ಲ!"

ಹೀಗೆಂದು ಒರೆಸ್ತೆ ಕಾಫಿ ಬಟ್ಟಲನ್ನು ಕುಕ್ಕಿದಾಗ, ಇಟಲಿಯ ತೂರಿನ್ ಆಚೆಯ ಆ ಗುಡ್ಡದೂರಿನ ಕಾಫಿ ಅಂಗಡಿಯಲ್ಲಿ ಯಾರೂ ನಗಲಿಲ್ಲ. ನಗುವ ಎದೆ ಯಾರಿಗಿತ್ತು? ಊರಿನ ಹಳೇ ಫಿಯೆಟ್ ಐನೂರು ಕಾರುಗಳ ಸಂಘಕ್ಕೆ ಪಂಚನೂ ಅವನೇ, ಪಟೇಲನೂ ಅವನೇ! ಹುಟ್ಟುವಾಗಿನ ಎಂಜಿನ್ನು, ಹುಟ್ಟುವಾಗಿನ ಗೇರು ಪೆಟ್ಟಿಗೆ ಉಳಿಸಿಕೊಂಡ ಕಾರು ಮುಂದಿನ ಸಾಲಿಗೆ. ನಡುವೆ ಎಲ್ಲೋ ಕಳ್ಳತನದಲ್ಲಿ, ಆಮೇಲೆ ಬಂದ ಫಿಯೆಟ್ ನೂರಿಪ್ಪತ್ತಾರರ ಕರುಳು ಕಸಿ ಮಾಡಿಸಿಕೊಂಡದ್ದು ಹಿಂದಿನ ಸಾಲಿಗೆ. ತೀರ್ಪು ಹೇಳುವುದು ಒರೆಸ್ತೆಯ ಕಿವಿ.

ಹಳೇ ಐನೂರರ ಗೇರಿನ ಹಲ್ಲುಗಳು ಒಂದಕ್ಕೊಂದು ಸೋಲುವ ಜಾತಿಯವಲ್ಲ. ಏರಿನಲ್ಲಿ ಗೇರು ಇಳಿಸಬೇಕಾದರೆ ಕ್ಲಚ್ಚು ಒಮ್ಮೆ ತುಳಿದು, ಎಂಜಿನ್ನನ್ನು ಒಂದಿಷ್ಟು ಗುರುಗುಟ್ಟಿಸಿ, ಮತ್ತೊಮ್ಮೆ ತುಳಿಯಬೇಕು. ಇಲ್ಲದಿದ್ದರೆ ಸವತಿಯರ ಹಾಗೆ ಕಟಕಟ ಹಲ್ಲು ಕಡಿಯುತ್ತವೆ. ನೂರಿಪ್ಪತ್ತಾರರದ್ದು ಹಾಗಲ್ಲ, ಒಂದೇ ತುಳಿತಕ್ಕೆ ಹೊಂದಿಕೊಂಡು ಹೋಗುವ ಸೊಸೆ. ಈ ಜೋಡಿ ತುಳಿತದ ಸದ್ದನ್ನು ಕಣ್ಣು ಮುಚ್ಚಿ ಕೇಳಿ ಒರೆಸ್ತೆ ಜಾತಕ ಹೇಳುತ್ತಿದ್ದ. ಎಂಜಿನ್ನಿರುವ ಕಾರಿನ ಬೆನ್ನಿನ ಮುಚ್ಚಳ ತೆಗೆದವನೇ ಅಲ್ಲ!

"ಎಂಜಿನ್ ಮೇಲೇ ಅಂಕಿ ಕೊರೆದಿರುತ್ತಲ್ರೀ, ಒಂದು ಸಲ ಬಗ್ಗಿ ನೋಡ್ಬಾರ್ದಾ?" ಎಂದಳು ಮನೆಯಲ್ಲಿ ಹೆಂಡತಿ ಫೆರ್ನಾಂದಾ.

"ನಾಡಿ ಹಿಡಿಯೋ ವೈದ್ಯ ಹೊಟ್ಟೆ ಕುಯ್ದು ನೋಡ್ತಾನೇನೇ?"

"ಹಾಗಲ್ಲ, ಅಪ್ಪ ಒಂದ್ಸಲ ಆ ಕಾರನ್ನ ಎಣ್ಣೆ ಹಾಕದೇನೆ..."

"ನಿಮ್ಮಪ್ಪನ ಪುರಾಣ ಆಮೇಲೆ! ಗೇರಿನ ಮರ್ಮ ನಿನಗೇನು ಗೊತ್ತು? ಪಕ್ಕದ ಸೀಟಲ್ಲಿ ಕೂತ್ಕೊಳ್ಳೋಳು ನೀನು!"

ಫೆರ್ನಾಂದಾ ಬಾಯಿಗೆ ಬೀಗ ಹಾಕಿಕೊಂಡಳು. ಆ ಬೀಗದ ಹಿಂದೆ ಒಂದು ನಗೆ ಇತ್ತು. ಒರೆಸ್ತೆಯ ಕಿವಿಗೆ ಅದು ಕೇಳಿಸಲಿಲ್ಲ.

ಇನ್ನು ಅತ್ತೆ ಪಾಲ್ಮಿರಾ. ಎಂಬತ್ತು ದಾಟಿದರೂ ಸ್ಟಿಯರಿಂಗ್ ಬಿಡದ ಗಟ್ಟಿಗಿತ್ತಿ. "ಅಳಿಯನಿಗೆ ಮಗಳನ್ನ ಕೊಟ್ಟಿದ್ದೀನಿ, ಕಾರು ಕೊಟ್ಟಿಲ್ಲ" ಎಂದು ಕಾರಿನ ಕೊಟ್ಟಿಗೆಯ ಕೀಲಿಯನ್ನು ಕೊರಳಿಗೇ ಕಟ್ಟಿಕೊಂಡಿದ್ದಳು. ಒರೆಸ್ತೆ ಆ ಕಾರಿನ ಸದ್ದು ಕೇಳಿದ್ದನೇ ಹೊರತು ಒಳಗು ಕಂಡವನಲ್ಲ.

ಸುದ್ದಿ ಗ್ವಾಲ್ತಿಯೆರೊನ ಕಿವಿಗೆ ಬಿತ್ತು. ಹೋದ ವರ್ಷ ಒರೆಸ್ತೆಯ ಒಂದೇ ಮಾತಿಗೆ ಹಿಂದಿನ ಸಾಲಿಗೆ ಬಿದ್ದವನು ಅವನು. ಬಿಟ್ಟಾನೆಯೇ? ನೇರ ಕಾಫಿ ಅಂಗಡಿಗೇ ಬಂದ.

"ಏನಪ್ಪಾ ನ್ಯಾಯಾಧೀಶ, ನಿಮ್ಮತ್ತೆ ಕಾರಿಗೂ ಅದೇ ಕಾಯ್ದೆ ತಾನೆ?"

"ಅದೇ ಕಾಯ್ದೆ! ಅದು ಅಪ್ಪಟ ಅಲ್ಲ ಅಂತಾದ್ರೆ, ಮೆರವಣಿಗೇಲಿ ನಿನ್ನ ಕಾರಿನ ಹಿಂದಿನ ಸೀಟಲ್ಲಿ ಬಾನ್ಯಾ ಕಾವ್ದಾ ಪಾತ್ರೆ ತೊಡೆ ಮೇಲಿಟ್ಕೊಂಡು ಕೂರ್ತೀನಿ!"

ಮೆರವಣಿಗೆ ಮುಗಿದ ಮೇಲೆ ಊರೆಲ್ಲ ಕೂಡಿ ಉಣ್ಣುವ ಬೆಳ್ಳುಳ್ಳಿ-ಮೀನಿನ ಬಿಸಿ ಗೊಜ್ಜು ಅದು. ಐನೂರರ ಹಿಂದಿನ ಸೀಟಾದರೋ, ಬೆಕ್ಕು ಕೂತರೂ ಬಾಲ ಮಡಚಿಕೊಳ್ಳಬೇಕು. ಒರೆಸ್ತೆಯೋ, ಎರಡು ಬಾಗಿಲು ತೆರೆದರೂ ಅಡ್ಡಡ್ಡ ಹೋಗಬೇಕಾದ ಆಳು!

ಪರೀಕ್ಷೆಯ ದಿನ ಊರೇ ಚೌಕದಲ್ಲಿ ನೆರೆಯಿತು. ಒರೆಸ್ತೆ ಕಣ್ಣು ಮುಚ್ಚಿ, ತಪಸ್ಸಿನ ಋಷಿಯಂತೆ ನಿಂತ. ಕೆಳಗಿನಿಂದ ಅತ್ತೆಯ ಕಾರು ಏರು ಹತ್ತಿತು. ಚರ್ಚಿನ ತಿರುವಿನಲ್ಲಿ ತುಳಿತ, ಗುರ್ರ್, ಮತ್ತೆ ತುಳಿತ. ಹಲ್ಲು ಹಲ್ಲಿಗೆ ಮುತ್ತಿಟ್ಟ ಹಾಗೆ ಗೇರು ಕೂತಿತು.

"ಅಪ್ಪಟ! ಅಪರಂಜಿ! ತಾಯಿ ಹೊಟ್ಟೇಲಿದ್ದ ಪೆಟ್ಟಿಗೇನೇ!" ಒರೆಸ್ತೆ ಕುಣಿದೇಬಿಟ್ಟ.

ಗ್ವಾಲ್ತಿಯೆರೊ ಕೋಟು ಬಿಚ್ಚಿ ನೆಲಕ್ಕೆ ಹಾಸಿ ಕಾರಿನ ಕೆಳಗೆ ತೂರಿದ. ಅಲ್ಲಿಂದ ಮೊದಲು ನಗು ಬಂತು, ಆಮೇಲೆ ಮಾತು. "ಐನೂರರ ಪೆಟ್ಟಿಗೆ ಮೈ ನುಣ್ಣಗಿರುತ್ತೆ ಕಣಯ್ಯಾ, ಇದಕ್ಕೆ ಪಕ್ಕೆಲುಬು ಎದ್ದಿದೆ! ನೂರಿಪ್ಪತ್ತಾರು! ಎಂಜಿನ್ ಅಂಕಿನೂ ಅದನ್ನೇ ಹೇಳುತ್ತೆ!"

"ಸಾಧ್ಯವೇ ಇಲ್ಲ! ಜೋಡಿ ತುಳಿತ ಈ ಕಿವೀಲೇ ಕೇಳಿದ್ದೀನಿ!"

ಪಾಲ್ಮಿರಾ ಕಿಟಕಿಯಿಂದ ತಲೆ ಹೊರಹಾಕಿದಳು. "ಹೌದಪ್ಪ. ನಿಮ್ಮ ಮಾವ ಎಣ್ಣೆ ಹಾಕದೆ ಓಡಿಸಿ ಹಳೇ ಎಂಜಿನ್ನು, ಪೆಟ್ಟಿಗೆ ಎರಡನ್ನೂ ಸುಟ್ಟುಹಾಕಿದ್ರು. ಇದನ್ನ ಕೂರಿಸಿದ ಮೆಕ್ಯಾನಿಕ್ಕು, 'ಇನ್ಮೇಲೆ ಎರಡು ಸಲ ತುಳಿಯೋದು ಬೇಡಮ್ಮಾ' ಅಂದ. ನನಗೇನೋ ಅರ್ಥವಾಯ್ತು. ಕಾಲಿಗೆ ಯಾರು ಹೇಳ್ತಾರೆ?"

ಚೌಕ ಹೋ ಎಂದಿತು. ಅಷ್ಟಕ್ಕೇ ಮುಗಿಯಿತೇ? ಇಷ್ಟು ವರ್ಷ ಹಿಂದಿನ ಸಾಲಿಗೆ ಬಿದ್ದವರೆಲ್ಲ ಒಬ್ಬೊಬ್ಬರಾಗಿ ಮುಚ್ಚಳ ತೆಗೆದು, "ಬಾ, ನನ್ನದೂ ನೋಡು! ನನ್ನದೂ ನೋಡು!" ಎಂದು ಸುತ್ತುಗಟ್ಟಿದರು. ಗ್ವಾಲ್ತಿಯೆರೊನ ಎಂಜಿನ್ನು ಅಪ್ಪಟ ಐನೂರರದ್ದೇ! ಅವನದು ಬರೀ ನುರಿತ ಕಾಲು, ಒಂದೇ ತುಳಿತಕ್ಕೆ ಹಠಮಾರಿ ಹಲ್ಲನ್ನೂ ಒಲಿಸುತ್ತಿದ್ದ. ಒರೆಸ್ತೆ ಈವರೆಗೆ ತೂಗಿದ್ದು ಗೇರುಗಳನ್ನಲ್ಲ, ಊರವರ ಕಾಲುಗಳನ್ನು!

ಆ ಭಾನುವಾರ ಮೆರವಣಿಗೆ ಹೊರಟಿತು. ಮುಂದಿನ ಸಾಲಿನಲ್ಲಿ ಗ್ವಾಲ್ತಿಯೆರೊ. ಅವನ ಬೆನ್ನ ಹಿಂದೆ, ಮಂಡಿ ಕಿವಿಗೆ ತಾಗುವಂತೆ ಮಡಚಿಕೊಂಡ ಒರೆಸ್ತೆ. ತೊಡೆಯ ಮೇಲೆ ಬೆಳ್ಳುಳ್ಳಿ ಗೊಜ್ಜು ಹಬೆಯಾಡುತ್ತಿತ್ತು. ತಿರುವಿಗೊಮ್ಮೆ ಒಂದು ಸೌಟು ಪ್ಯಾಂಟಿಗೆ ನೈವೇದ್ಯ!

ಆಗ ಹಿಂದೆ ಒಂದು ಕಾರು ಹತ್ತಿರವಾಯಿತು. ತುಳಿತ, ಗುರ್ರ್, ಮತ್ತೆ ತುಳಿತ. ಬಿದ್ದರೂ ಮೀಸೆ ಮಣ್ಣಾಗದ ಒರೆಸ್ತೆ ಕಣ್ಣು ಮುಚ್ಚಿದ. "ಗ್ವಾಲ್ತಿಯೆರೊ, ಪೆಟ್ಟಿಗೆ ಗುರುತು ತಪ್ಪಿರಬಹುದು ಮಾರಾಯ. ಕಾಲಿನ ಗುರುತು ತಪ್ಪಲ್ಲ! ಹಿಂದೆ ಓಡಿಸ್ತಿರೋದು ನಮ್ಮತ್ತೆ. ಬೇಕಾದ್ರೆ ಪಂಥ! ಸೋತ್ರೆ ಮುಂದಿನ ವರ್ಷವೂ ಈ ಪಾತ್ರೆ ನಂದೇ!"

ಗ್ವಾಲ್ತಿಯೆರೊ ಕನ್ನಡಿ ನೋಡಿದ. "ಒಪ್ಪಿದೆ!" ಎಂದ, ಬಹಳ ಬೇಗ.

ಚೌಕದಲ್ಲಿ ಆ ಕಾರು ಪಕ್ಕಕ್ಕೇ ಬಂದು ನಿಂತಿತು. ಪಾಲ್ಮಿರಾ ಪಕ್ಕದ ಸೀಟಿನಲ್ಲಿ ಹೇಝಲ್ ಕಾಯಿ ಒಡೆಯುತ್ತಿದ್ದಳು. ಸ್ಟಿಯರಿಂಗ್ ಹಿಡಿದವಳು ಫೆರ್ನಾಂದಾ!

"ನೀನಾ?! ನಿನಗೆ ಓಡಿಸೋಕೆ ಬರುತ್ತಾ?"

"ಮದುವೆಗೆ ಮುಂಚೆಯಿಂದ ಬರುತ್ತೆ. ಅಮ್ಮನೇ ಕಲಿಸಿದ್ದು, ಅದಕ್ಕೇ ಕಾಲೂ ಅಮ್ಮನದೇ. ನಿಮ್ಮ ಕಿವಿಗೆ ಗೊತ್ತಾಗ್ಬೇಕಾದ್ರೆ, ಯಾವತ್ತಾದ್ರೂ ಸ್ಟಿಯರಿಂಗ್ ಬಿಟ್ಟುಕೊಟ್ಟಿದ್ರಾ?"

ಫೆರ್ನಾಂದಾ ಇಳಿದು ಬಂದು, ಒರೆಸ್ತೆಯ ಪ್ಯಾಂಟಿನ ಮೇಲಿನ ಗೊಜ್ಜನ್ನು ಬ್ರೆಡ್ಡಿನ ತುಂಡಿನಲ್ಲಿ ಒರೆಸಿ ಬಾಯಿಗೆ ಹಾಕಿಕೊಂಡಳು. ಉಪ್ಪು ಸರಿಯಾಗಿದೆ ಎಂಬಂತೆ ತಲೆ ಆಡಿಸಿದಳು.

"ಇಳೀರಿ ಇನ್ನು. ಮನೆವರೆಗೂ ನಾನೇ ಓಡಿಸ್ತೀನಿ. ಅಮ್ಮ ಮುಂದೆ ಕೂರ್ತಾಳೆ, ನೀವು ಹಿಂದೆ ಕೂತು ಕೇಳಿಸ್ಕೊಳ್ಳಿ."