ತಜ್ಞರು ನೋಡಿದ ಹಿತ್ತಲ ಮರ

ನಮ್ಮನೆಯವರ ಫೋನಿಗೆ ತೆಂಗಿನ ರೋಗ ಹೇಳುವ ಆಪ್ ಬಂದಾಗಿನಿಂದ ನಮ್ಮ ಬಿಳಿಗೆರೆ ಮನೆಯಲ್ಲಿ ದಿನಕ್ಕೊಂದು ರಾಮಾಯಣ ಇದ್ದೇ ಇದೆ. ಒಂದೊಂದೇ ಪ್ರಶ್ನೆ ಕೇಳುತ್ತಾ, ದೊಡ್ಡ ವಿಜ್ಞಾನಿ ಯೋಚಿಸುವ ಹಾಗೇ ಯೋಚಿಸಿ ಅದು ರೋಗ ಪತ್ತೆ ಹಚ್ಚುತ್ತದಂತೆ. ಇವರು ಅದನ್ನು ‘ತಜ್ಞರು’ ಅಂತಾರೆ. ಕಟ್ಟಿಕೊಂಡು ಮೂವತ್ತು ವರ್ಷವಾಯ್ತು, ನನಗೆ ಒಂದು ದಿನವೂ ಬಹುವಚನ ಕೊಟ್ಟವರಲ್ಲ. ಮೈ ಉರಿಯದೆ ಇರುತ್ತದೆಯೇ?

ವಯಸ್ಸು

ಹಿತ್ತಲಿನ ಮರದಲ್ಲಿ ಈ ಸಲ ಕಾಯಿ ಕಮ್ಮಿ. ನಾನು ಮದುವೆಯಾಗಿ ಬಂದಾಗಿನಿಂದ ನೀರು, ಗೊಬ್ಬರ ಹಾಕಿ ನೋಡಿಕೊಂಡ ಮರ ಅದು. ಆಪ್ ಮೊದಲು ಮರದ ವಯಸ್ಸು ಕೇಳಿತು. “ನಾನು ಹುಟ್ಟಿದ ವರ್ಷ ಅಪ್ಪ ನೆಟ್ಟಿದ್ದು” ಅಂತ ಇವರು ಐವತ್ತೆಂಟು ಒತ್ತಿದರು. ‘ಈ ವಯಸ್ಸಿನಲ್ಲಿ ಶಕ್ತಿ ಕುಗ್ಗುವುದು ಸಹಜ’ ಅಂತ ಬಂತು.

“ಮರದ ವಿಷ್ಯ ನಂಗೊತ್ತಿಲ್ಲ, ನಿಮ್ಮ ವಿಷ್ಯ ಸರಿಯಾಗೇ ಹೇಳೈತೆ ಬುಡಿ” ಅಂದೆ.

ಗೊತ್ತಿಲ್ಲ

ಪ್ರತಿ ಪ್ರಶ್ನೆಗೂ ಹೌದು, ಇಲ್ಲ, ಗೊತ್ತಿಲ್ಲ ಅಂತ ಮೂರು ಗುಂಡಿ. ಸುಳಿಯನ್ನು ದುಂಬಿ ಕೊರೆದಿದೆಯೇ? ಬೇರು ಕೊಳೆತಿದೆಯೇ? ಅಷ್ಟೆತ್ತರದ ಸುಳಿ ಇವರಿಗೆ ಕಂಡೀತೇ, ನೆಲದೊಳಗಿನ ಬೇರು ಕಂಡೀತೇ?

“ಗೊತ್ತಿಲ್ಲ ಅಂತ ಒತ್ರೀ” ಅಂದೆ.

“ತಿಪಟೂರು ಸೀಮೇಲಿ ಹುಟ್ಟಿ, ತೆಂಗಿನ ವಿಷ್ಯ ಗೊತ್ತಿಲ್ಲ ಅಂತ ಒತ್ತಲಾ? ಮರ್ಯಾದೆ ಏನಾಗ್ಬೇಕು ಕಣೇ?”

ಎಲ್ಲದಕ್ಕೂ ಹೌದು ಒತ್ತಿದರು. ನಾನು ಕಾಫಿ ಸೋಸಿ ತರುವಷ್ಟರಲ್ಲಿ ಮರಕ್ಕೆ ನಾಲ್ಕು ರೋಗ ಬಂದಿತ್ತು.

ಕೆಂಪು ರಸ

ಐದನೆಯ ರೋಗ ಮಾರನೇ ದಿನ ಬಂತು. ಕಾಂಡದ ಬುಡದಲ್ಲಿ ಕೆಂಪು ರಸ ಸೋರಿದೆಯೇ ಅಂತ ಕೇಳಿತು. ಹೋಗಿ ನೋಡಿದರೆ ನಿಜವಾಗಿಯೂ ಕೆಂಪು ಕಲೆ. ‘ರಸ ಸೋರುವ ರೋಗ. ಆ ಭಾಗವನ್ನು ಕೆತ್ತಿ ತೆಗೆದು ಡಾಂಬರು ಬಳಿಯಿರಿ’ ಅಂತ ಅಪ್ಪಣೆಯಾಯಿತು.

ಇವರು ಉಳಿ, ಸುತ್ತಿಗೆ ತಂದರು. ನಾನು ಮರಕ್ಕೆ ಬೆನ್ನು ಕೊಟ್ಟು ನಿಂತೆ.

“ಮೊದ್ಲು ನನ್ನ ಕೆತ್ತಿ, ಆಮೇಲೆ ಮರ.”

“ತಜ್ಞರು ಹೇಳವ್ರೆ, ಪಕ್ಕಕ್ಕೆ ಬಾ.”

ಅರ್ಧ ಗಂಟೆ ಕಿತ್ತಾಡಿದೆವು. ಅತ್ತೆ ಹಿತ್ತಲ ಬಾಗಿಲಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಾ ಎಲ್ಲ ಕೇಳಿಸಿಕೊಂಡರು. ಅಡಿಕೆ ಸೇರಿಸಿ ಬಾಯಿಗೆ ಹಾಕಿ, ನಿಧಾನವಾಗಿ ಅಗಿದು, ಎದ್ದು ಬಂದು, ನನ್ನನ್ನು ಪಕ್ಕಕ್ಕೆ ಸರಿಸಿ ಆ ಕಲೆಯ ಮೇಲೇ ಪಿಚಕ್ಕನೆ ಉಗಿದರು. ದಿನಾ ಉಗಿಯುವ ಜಾಗ ಅದೇ ಇರಬೇಕು, ಗುರಿ ಒಂದಿಷ್ಟೂ ತಪ್ಪಲಿಲ್ಲ.

ಇವರ ಕೈಯ ಉಳಿ ಕೆಳಗಿಳಿಯಿತು. “ಅವ್ವಾ, ಮೊದ್ಲೇ ಹೇಳಕ್ಕೇನಾಗಿತ್ತು?”

“ಎರಡು ದಿನದಿಂದ ಆ ಫೋನು ನಿನ್ನ ಕೇಳ್ತೈತೆ, ನೀನು ಮರನ ಕೇಳ್ತೀಯ. ನನ್ನ ಯಾವನ್ಲಾ ಕೇಳ್ದ?”