ಹುಲಿ ಗರ್ಜಿಸದ ಸಂಜೆ

ದಣಿದವನಿಗೆ ನಿದ್ದೆ ಬೇಕೆಂಬ ಸರಳ ಸತ್ಯವನ್ನು ಬದಿಗೊತ್ತಿ, "ಈ ಪುಡಿ ಕುಡಿದು ನೋಡಪ್ಪ" ಎಂದು ಡಬ್ಬಿ ಚಾಚುವವರಲ್ಲಿ ನೀವೂ ಒಬ್ಬರಲ್ಲವೇ? ನಿಮ್ಮಂಥವರ ಉಪದೇಶಕ್ಕೆ ಬಲಿಯಾದವನೇ ನಮ್ಮ ಹಾಸಿಗೆ ಹೊಲಿಯುವವನು. ಊರವರ ನಿದ್ದೆಗೆ ದಿನವಿಡೀ ಹಾಸಿಗೆ ಹೊಲಿದು, ತಾನು ಮಾತ್ರ ಅದರ ಮೇಲೆ ಕುಕ್ಕರಗಾಲು ಹಾಕಿ ತೂಕಡಿಸುವುದು ಅವನ ಪ್ರಾರಬ್ಧ.

ತೂಕಡಿಕೆಗೆ ಅವನು ಬೇಸರಪಟ್ಟವನಲ್ಲ. ಅವನ ಕೊರಗೆಲ್ಲ ಮಗಳ ಬಗ್ಗೆ. ಅಪ್ಪ ತನಗೆ ಹೇಳುತ್ತಿದ್ದ ಹುಲಿಯ ಕತೆಯನ್ನು ಪ್ರತಿ ಸಂಜೆ ಅವಳಿಗೆ ಹೇಳಲು ತೊಡಗುವನು. ಹುಲಿ ಪೊದೆಯಿಂದ ಹೊರಬರುವ ಮೊದಲೇ ನಿದ್ದೆ ಹೋಗುವನು. ಅವನ ಅಪ್ಪನೂ ಮೂಟೆ ಹೊತ್ತು ದಣಿದು ಬರುತ್ತಿದ್ದವರೇ. ಆದರೂ ಕಾಲು ತೊಳೆದು, ಚಾಪೆಯ ಮೇಲೆ ಮಗನ ಪಕ್ಕ ಒರಗಿ ಕತೆ ತೆಗೆದರೆಂದರೆ, ಹುಲಿಯ ಗರ್ಜನೆಗೆ ಕಪಾಟಿನ ಲೋಟಗಳು ನಡುಗುತ್ತಿದ್ದವು! ಬೆವರು, ಸೋಪು ಬೆರೆತ ವಾಸನೆಯ ಆ ತೋಳನ್ನು ಅಪ್ಪಿಕೊಂಡು ಹುಲಿಗೆ ಹೆದರುವ ಸುಖ ತನ್ನ ಮಗಳಿಗಿಲ್ಲವಲ್ಲ! "ಇವತ್ತು ಹುಲಿ ಬಂದೇ ಬರುತ್ತೆ ಪುಟ್ಟೀ" ಎಂದು ಮಾತು ಕೊಟ್ಟು, ಶಕ್ತಿಪುಡಿಯ ಡಬ್ಬಿಯೊಂದಿಗೆ ಅವನು ಒಂದು ಬೆಳಿಗ್ಗೆ ತಾನು ಕೆಲಸ ಮಾಡುವ ಹಾಸಿಗೆ ಅಂಗಡಿಗೆ ಬಂದ.

"ಒಂದು ಚಮಚನಾ? ಅದು ಇರುವೆಗೆ ಸಾಕು. ಎರಡು ಹಾಕು," ಎಂದ ಹತ್ತಿ ತುಂಬುವವನು.

"ನನ್ನ ಲೆಕ್ಕದಲ್ಲಿ ಇನ್ನೊಂದು," ಎಂದು ಬಟ್ಟೆ ಕತ್ತರಿಸುವವನು ಮೂರನೆಯದನ್ನೂ ಲೋಟಕ್ಕೆ ಸುರಿದ. "ನನ್ನ ಭಾವಮೈದ ಇದನ್ನ ಕುಡಿದು ಕಬ್ಬಿಣದ ಬೀರುವನ್ನ ಒಬ್ಬನೇ ಎತ್ತುತ್ತಾನೆ."

"ಎತ್ತಿ?"

"ಎಲ್ಲಿಡಲಿ ಅಂತ ಹೆಂಡ್ತಿನ ಕೇಳ್ತಾನೆ."

ನಡುಹಗಲ ಹೊತ್ತಿಗೆ ನಮ್ಮವನ ಕಣ್ಣು ಗೂಬೆಯ ಕಣ್ಣಾಯಿತು. ಸೂಜಿ ಬೆಕ್ಕು ಕಂಡ ಇಲಿಯಂತೆ ಓಡತೊಡಗಿತು. ಉಪಕಾರಿ ಗೆಳೆಯರು ಸುಮ್ಮನಿರುವರೇ? ಮಾಲೀಕರ ಕಿವಿಯಲ್ಲಿ "ಸಾರ್, ಇವನಿಗೀಗ ಆನೆಬಲ!" ಎಂದು ಊದಿದರು.

ಮಾಲೀಕರು ಬಂದು ಬೆನ್ನು ತಟ್ಟಿದರು. "ಶಭಾಷ್! ನಾಳೇದು ಆ ಜೋಡಿ ಹಾಸಿಗೆ ಇದೆಯಲ್ಲ, ಅದನ್ನೂ ಇವತ್ತೇ ಮುಗಿಸಿಬಿಡಪ್ಪ."

"ಸಾರ್, ಮನೇಲಿ ಮಗು ಕಾಯ್ತಿರುತ್ತೆ..."

"ಇಷ್ಟು ಶಕ್ತಿ ಇಟ್ಕೊಂಡು ಮನೇಲಿ ಏನ್ ಮಾಡ್ತೀಯ?"

ಅವನು ಜೋಡಿ ಹಾಸಿಗೆಯನ್ನು ಎಳೆದುಕೊಂಡು ಮತ್ತೆ ಸೂಜಿ ಹಿಡಿದ. ಗೆಳೆಯರು ಮಾತ್ರ ಹೊತ್ತಿಗೆ ಸರಿಯಾಗಿ ಮನೆಗೆ ನಡೆದರು.

ದೀಪ ಹಚ್ಚಿ ಎಷ್ಟೋ ಹೊತ್ತಾದ ಮೇಲೆ ಅವನು ಏದುಸಿರು ಬಿಡುತ್ತ ಮನೆ ಸೇರಿದ. ಪುಣ್ಯಕ್ಕೆ ಮಗಳು ಎಚ್ಚರವಾಗಿದ್ದಳು. ಪಕ್ಕದಲ್ಲಿ ಒರಗಿ ಕತೆ ತೆಗೆದ. ಪೊದೆ ಅಲುಗಿತು, ಹುಲಿ ಹೊರಬಂತು, ಅವನು ಎದೆ ಬಿರಿಯುವಂತೆ ಗರ್ಜಿಸಿದ.

ಮಗಳ ಮುಖ ಸಪ್ಪಗಾಯಿತು. "ಹುಲಿ ಹೀಗಲ್ಲಪ್ಪ ಕೂಗೋದು. ನಂಗೆ ದಿನಾ ಬರೋ ಹುಲಿ ಬೇಕು."

"ದಿನಾ ಎಲ್ಲಿ ಬರುತ್ತೆ? ನಾನು ಮಲಗಿಬಿಡ್ತೀನಲ್ಲ!"

"ನೀನು ಮಲಗಿದ ಮೇಲೇ ಬರೋದು."

ಮೂಲೆಯಲ್ಲಿ ಬಟ್ಟೆ ಮಡಿಸುತ್ತಿದ್ದ ಅವನ ಅಮ್ಮನಿಗೆ ನಗು ತಡೆಯಲಾಗಲಿಲ್ಲ. "ನಿಮ್ಮಪ್ಪ ಏನು ಎಚ್ಚರ ಇರ್ತಿದ್ರಾ ಮಗನೇ? ಪೊದೆ ಹತ್ರ ಬರ್ತಿದ್ದ ಹಾಗೇ ಗೊರಕೆ! ನೀನು ಅವರ ತೋಳು ಗಟ್ಟಿಯಾಗಿ ಹಿಡ್ಕೊಂಡು, ಮಿಕ್ಕ ಕತೆನೆಲ್ಲ ನೀನೇ ಹೇಳ್ಕೋತಿದ್ದೆ."

ಅವನು ಕಣ್ಣು ಮುಚ್ಚಿ ಗೊರಕೆ ಹೊಡೆಯಲು ಶತಪ್ರಯತ್ನ ಮಾಡಿದ. ಆ ಮೂರು ಚಮಚ ಬಿಡಬೇಕಲ್ಲ! ಮಗಳು ಹುಲಿಗಾಗಿ ಕಾದು ಕಾದು ನಿದ್ದೆಹೋದಳು. ಸೂರು ನೋಡುತ್ತ ಬಿದ್ದಿದ್ದ ಅವನಿಗೆ, ತಾನು ಅಪ್ಪಿಕೊಳ್ಳುತ್ತಿದ್ದ ಆ ತೋಳು ಎಷ್ಟು ದಣಿದಿತ್ತೆಂಬುದು ಅಂದು ತಿಳಿಯಿತು.

ಆದ್ದರಿಂದ ಮಹನೀಯರೇ, ನಿಮ್ಮ ಡಬ್ಬಿಯನ್ನು ದಯವಿಟ್ಟು ಹಿಂದಕ್ಕೆ ತೆಗೆದುಕೊಳ್ಳಿ. ಇಂದು ಸಂಜೆ ಕೆಲಸವನ್ನು ಹೊತ್ತಿಗೆ ನಿಲ್ಲಿಸಿ, ಅವನನ್ನೂ ಮನೆಗೆ ಕಳುಹಿಸಿ, ನೀವೂ ಹೋಗಿ ಮಕ್ಕಳ ಪಕ್ಕ ಒರಗಿ. ಪೊದೆಯವರೆಗೆ ಕತೆ ಹೇಳಿದರೆ ಸಾಕು. ಹುಲಿ ತಾನಾಗಿ ಬರುತ್ತದೆ.